ಮಾತ್ರೆ ಅರ್ಧಕ್ಕೆ ಬಿಟ್ಟವರನ್ನು ನಾನು ಹುಡುಕಿದ್ದು ಹೀಗೆ

ರಾಯಚೂರು ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ನಾನು ಸಿಎಚ್‌ಒ, ಅಂದ್ರೆ ಸಮುದಾಯ ಆರೋಗ್ಯ ಅಧಿಕಾರಿ. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್ ನೋಡುವುದು ನಮ್ಮ ಕೆಲಸಗಳಲ್ಲಿ ಒಂದು. ನೋಡುವುದೇನೂ ಕಷ್ಟ ಅಲ್ಲ. 140/90 ದಾಟಿದವರು ಸಿಗುತ್ತಾರೆ, ಡಾಕ್ಟರ ಹತ್ತಿರ ಕಳಿಸುತ್ತೇವೆ, ಮಾತ್ರೆ ಶುರುವಾಗುತ್ತದೆ. ಎರಡು ತಿಂಗಳಾದ ಮೇಲೆ ಅವರ ಸುಳಿವೇ ಇರುವುದಿಲ್ಲ.

ಮನೆಗೆ ಹೋಗಿ "ಕಾಯಿಲೆ ಏನಾದ್ರೂ ಇದೆಯಾ?" ಅಂದರೆ ಎಲ್ಲರೂ ಆರಾಮ! ಹಾಗಾಗಿ ಆ ಪ್ರಶ್ನೆಯನ್ನೇ ಬಿಟ್ಟೆ. "ಯಾರಾದರೂ ಮಾತ್ರೆ ನಿಲ್ಲಿಸಿದ್ದೀರಾ? ಹಳೇ ಚೀಟಿ ಇದ್ದರೆ ಕೊಡಿ" ಅಂತ ಕೇಳಲು ಶುರು ಮಾಡಿದೆ. ಆಗ ಗೋಡೆ ಗೂಡಿನಿಂದ, ರೇಷನ್ ಕಾರ್ಡಿನ ಕವರಿನಿಂದ ಚೀಟಿಗಳು, ಖಾಲಿ ಸ್ಟ್ರಿಪ್‌ಗಳು ಹೊರಗೆ ಬಂದವು.

ಯಾಕೆ ಬಿಟ್ಟಿರಿ ಅಂದರೆ, "ತಲಿ ತಿರುಗೂದು ನಿಂತೈತ್ರೀ ಮೇಡಂ, ಮತ್ಯಾಕ ಮಾತ್ರಿ?" ಇದು ಒಂದು. ಇನ್ನೊಂದು ಕೂಲಿ. ಪಿಎಚ್‌ಸಿಯಲ್ಲಿ, ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮಾತ್ರೆ ಪುಕ್ಕಟೆ, 2023ರಿಂದ ಹೆಂಗಸರಿಗೆ ಬಸ್ಸೂ ಪುಕ್ಕಟೆ, ಆದರೆ ಭತ್ತ ನಾಟಿ ಹೊತ್ತಲ್ಲಿ ಅಲ್ಲಿ ಹೋಗಿ ಸಾಲಲ್ಲಿ ನಿಂತರೆ ಆ ದಿನದ ಕೂಲಿ ಹೋಯ್ತು, ಅಲ್ವಾ? ಬಿಪಿಎಲ್ ಕುಟುಂಬಕ್ಕೆ ಆಸ್ಪತ್ರೆ ಖರ್ಚಿಗೆ ವರ್ಷಕ್ಕೆ 5 ಲಕ್ಷದವರೆಗಿನ ಸರ್ಕಾರಿ ಕಾರ್ಡ್ ಇದೆ ನಿಜ, ಆದರೆ ಅದು ಅಡ್ಮಿಟ್ ಆದವರಿಗೆ. ಲಕ್ವಾ ಹೊಡೆದ ಮೇಲೆ ಕೆಲಸಕ್ಕೆ ಬರುತ್ತದೆ. ಹೊಡೆಯದ ಹಾಗೆ ದಿನಾ ಒಂದು ಅಮ್ಲೋಡಿಪಿನ್ (ಬಿಪಿ ಮಾತ್ರೆ) ನುಂಗಿಸಲು ಅದರಿಂದ ಆಗುವುದಿಲ್ಲ.

ಹಾಗಾಗಿ ಬಿಪಿ ಮಷಿನ್ ತಗೊಂಡು ಮಹಿಳಾ ಸಂಘದ ವಾರದ ಸಭೆಗೆ ಹೋಗತೊಡಗಿದೆ, ಬೇಸಿಗೆಯಲ್ಲಿ ಉದ್ಯೋಗ ಖಾತ್ರಿ ಕೆಲಸ ನಡೆಯುವಲ್ಲಿಗೂ. ಮಾತ್ರೆ ಬದಲಿಸಬೇಕಾದರೆ ಇ-ಸಂಜೀವಿನಿಯಲ್ಲಿ, ಅಂದ್ರೆ ಸರ್ಕಾರದ ಆನ್‌ಲೈನ್ ಸೇವೆಯಲ್ಲಿ, ಡಾಕ್ಟರನ್ನು ಕೇಳುತ್ತೇನೆ (ನೆಟ್‌ವರ್ಕ್ ಸಿಕ್ಕರೆ). ಒಂದು ವಾರದ್ದಲ್ಲ, ಇಡೀ ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತೇನೆ. ಸ್ಟಾಕ್ ಕಡಿಮೆ ಬಂದ ತಿಂಗಳು ಮಾತ್ರ ಇದು ಕೈಕೊಡುತ್ತದೆ, ಮೇಲಿನವರಿಗೆ ಎಷ್ಟು ಸಲ ಬರೆದರೂ ಅಷ್ಟೇ.

ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ರಿಜಿಸ್ಟರ್. ಹೆಸರಿನ ಪ್ರಕಾರ ಬರೆಯುವುದನ್ನು ಬಿಟ್ಟು, ಯಾರ ಮಾತ್ರೆ ಯಾವ ತಾರೀಖಿಗೆ ಮುಗಿಯುತ್ತದೆ ಅನ್ನುವ ಪ್ರಕಾರ ಬರೆದೆ. ಆ ವಾರ ಮುಗಿಯುವವರ ಪಟ್ಟಿ ಆಶಾ ಅಕ್ಕನ ಕೈಗೆ. ಮಾತ್ರೆ ಮುಗಿಯುವ ಮೊದಲೇ ಅವರು ಬಾಗಿಲಲ್ಲಿ ಇರುತ್ತಾರೆ. ಶುಗರ್ ಇದ್ದವರ ಕಾಲನ್ನೂ ನೋಡಿ ಬರುತ್ತಾರೆ, ಯಾಕಂದ್ರೆ ಶುಗರ್‌ನಿಂದ ಕಾಲು ಮರಗಟ್ಟಿ, ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಗಾಯ ಆಗಿದ್ದೇ ಗೊತ್ತಾಗುವುದಿಲ್ಲ.

ಬಗೆಹರಿಯದೆ ಉಳಿದಿರುವುದು ಗುಳೆ ಹೋಗುವವರದ್ದು. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಟವರಿಗೆ ಮಾತ್ರೆಯ ಹೆಸರು, ಡೋಸು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಅಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ತೋರಿಸಿ ಅನ್ನುತ್ತೇನೆ. ಹೋಗುವವರು ಕಡಿಮೆ. ಹಗಲೆಲ್ಲ ಸೈಟಿನಲ್ಲಿರುತ್ತಾರೆ, ಮೇಸ್ತ್ರಿ ಬಿಡುವುದಿಲ್ಲ. ಗುಳೆ ಜಾಸ್ತಿ ಇರುವ ಊರಿನ ಸಿಎಚ್‌ಒಗಳು ಯಾರಾದರೂ ಇದನ್ನು ಓದುತ್ತಿದ್ದರೆ, ನೀವು ಏನು ಮಾಡುತ್ತಿದ್ದೀರಿ ಹೇಳಿ.