ಶಾಟ್‌ಗನ್ ಪಿಸ್ಟನ್ನಿಗೆ ಎಣ್ಣೆ ಜಾಸ್ತಿ ಬೇಡ

ಗ್ಯಾಸ್ ಒತ್ತಡದಿಂದ ಕೆಲಸ ಮಾಡುವ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್ ಮನೆ ರಕ್ಷಣೆಗೆ ಇಟ್ಟಿದ್ದೀರಾ? ಆ ಗ್ಯಾಸ್ ತಳ್ಳುವ ಪಿಸ್ಟನ್ನಿಗೂ ಅದು ಜಾರುವ ಮ್ಯಾಗಝೀನ್ ಟ್ಯೂಬಿನ (ತೋಟಾ ತುಂಬುವ ಕೊಳವೆಯ) ಹೊರಮೈಗೂ ಎಣ್ಣೆ ಹಚ್ಚಿದ ಮೇಲೆ ಒಣ ಬಟ್ಟೆಯಿಂದ ಒರೆಸಿಬಿಡಿ. ಬೆರಳಿಗೆ ಜಿಡ್ಡು ಅಂಟಬಾರದು, ತುಕ್ಕು ತಡೆಯುವಷ್ಟು ತೆಳು ಪದರ ಉಳಿದರೆ ಸಾಕು. ಸುಟ್ಟ ಮದ್ದಿನ ಮಸಿ ನೇರ ಅಲ್ಲಿಗೇ ಬರುತ್ತದೆ. ಎಣ್ಣೆ ಜಾಸ್ತಿ ಇದ್ದರೆ ಎರಡೂ ಸೇರಿ ಕಪ್ಪು ಅಂಟಾಗಿ ಪಿಸ್ಟನ್ನನ್ನು ಹಿಡಿದುಕೊಳ್ಳುತ್ತವೆ. ತಿಂಗಳುಗಟ್ಟಲೆ ಸುಮ್ನೆ ಇಟ್ಟ ಬಂದೂಕಿನಲ್ಲಂತೂ ಅದು ಇನ್ನೂ ಗಟ್ಟಿಯಾಗುತ್ತದೆ. ತೋಟಾವನ್ನು ಒಳಕ್ಕೆ ತಳ್ಳುವ ಬೋಲ್ಟ್ ಜಾರುವ ಹಳಿಗಳಿಗೆ ಮಾತ್ರ ಎಣ್ಣೆ ಬೇಕೇ ಬೇಕು. ಬಿಚ್ಚುವ ಮೊದಲು ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ), ಟ್ಯೂಬ್ ಎರಡೂ ಖಾಲಿ ಇವೆಯೇ ಅಂತ ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ನೋಡಿ. ಇದರಲ್ಲಿ ರಾಜಿ ಇಲ್ಲ. ತೋಟಾ ತೀರಾ ಹಗುರವಾದದ್ದಾಗಿ (ಬಲ ಕಡಿಮೆಯದಾಗಿ) ಬಂದೂಕು ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ. ರೆಮಿಂಗ್ಟನ್ 1100ರಂಥ ಗ್ಯಾಸ್ ಶಾಟ್‌ಗನ್ನಿನಲ್ಲಿ ಗ್ಯಾಸ್ ಸೋರದಂತೆ ತಡೆಯುವ ರಬ್ಬರ್ ಓ-ರಿಂಗ್ ಹರಿದಿದ್ದರೂ ಅಷ್ಟೇ, ರಿಂಗನ್ನೇ ಬದಲಿಸಬೇಕು. ಬೆನೆಲ್ಲಿ ಎಂ2 ತರಹದ, ಹಿಂದೊದೆತದ ಬಲದಿಂದ ಓಡುವ ಇನರ್ಷಿಯಾ ಬಂದೂಕಿಗೆ ಗ್ಯಾಸ್ ಪಿಸ್ಟನ್ನೇ ಇಲ್ಲ. ಅದಕ್ಕೆ ಟಾರ್ಚು, ತೋಟಾ ಹೋಲ್ಡರ್ ಅಂತ ಭಾರ ಏರಿಸಿದಷ್ಟೂ ಹಗುರ ತೋಟಾ ಸಿಕ್ಕಿಹಾಕಿಕೊಳ್ಳುವ ಸಂಭವ ಜಾಸ್ತಿ. ಹೊಸದೇನಾದರೂ ಜೋಡಿಸಿದರೆ ಮನೆಯಲ್ಲಿ ಬಳಸುವ ಅದೇ ತೋಟಾ ಹಾಕಿ ರೇಂಜಿನಲ್ಲಿ ಪರೀಕ್ಷಿಸಿ.