ಹಳೆಯ ಬ್ಯಾಂಡ್ ಬಿಚ್ಚಿ ಹೊಸತು ಕಟ್ಟುವವರಿಗೆ: ಕರಾವಳಿಯಲ್ಲಿ ಫಿಟ್‌ನೆಸ್ ಟ್ರ್ಯಾಕರ್ ಬದಲಿಸುವ ಕ್ರಮ

ನಾಲ್ಕೈದು ವರ್ಷ ಒಂದೇ ಕಂಪನಿಯ ಬ್ಯಾಂಡ್ ಕಟ್ಟಿದವರಿಗೆ ಹೊಸ ಮಾದರಿಯ ಪರದೆ ಎಷ್ಟು ಹೊಳೆಯುತ್ತದೆ, ವ್ಯಾಯಾಮದ ಮೋಡ್ ನೂರೋ ನೂರೈವತ್ತೋ ಎಂಬುದೆಲ್ಲ ದೊಡ್ಡ ಸಂಗತಿಯಲ್ಲ. ಅವರು ಕೇಳುವುದೇ ಬೇರೆ. ಹಳೆಯ ದಾಖಲೆ ಉಳಿಯುತ್ತದೆಯೇ? ನಿನ್ನೆಯವರೆಗಿನ ಲೆಕ್ಕಕ್ಕೂ ನಾಳೆಯ ಲೆಕ್ಕಕ್ಕೂ ತಾಳೆ ಬೀಳುತ್ತದೆಯೇ? ವಾರಕ್ಕೊಂದು ಚಾರ್ಜ್ ಸಾಕೇ? ಮಂಗಳೂರು, ಉಡುಪಿಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ಸೆಕೆ, ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯನ್ನು ಇದು ತಡೆದೀತೇ? ಇವಕ್ಕೆ ಜಾಹೀರಾತಿನಲ್ಲಿ ಉತ್ತರ ಸಿಗುವುದಿಲ್ಲ. ವಾಪಸು ಕೊಡುವ ಅವಧಿಯೊಳಗೆ ನಾವೇ ಪರೀಕ್ಷಿಸಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಆ ಅವಧಿ ಹೆಚ್ಚಾಗಿ 7ರಿಂದ 10 ದಿನ. ಎಷ್ಟೋ ಕಡೆ ಹಣ ಮರಳುವುದಿಲ್ಲ, ಬದಲಿ ಮಾತ್ರ ಕೊಡುತ್ತಾರೆ. ಆರ್ಡರ್ ಮಾಡುವ ಮುನ್ನ ಆ ಸಾಲನ್ನು ಓದಿ.

ಮೊದಲು ದಾಖಲೆ

ಕಂಪನಿ ಅದೇ ಎಂದ ಮಾತ್ರಕ್ಕೆ ಆ್ಯಪ್ ಅದೇ ಇರಬೇಕೆಂದಿಲ್ಲ. ಫಿಟ್‌ಬಿಟ್ ಎಂಬ ಬ್ಯಾಂಡ್ ಕಂಪನಿಯನ್ನು ಕೊಳ್ಳುವ ವ್ಯವಹಾರವನ್ನು ಗೂಗಲ್ ಮುಗಿಸಿದ್ದು 2021ರ ಜನವರಿಯಲ್ಲಿ. 2023ರ ಮಾರ್ಚ್‌ನಲ್ಲಿ ಅದರ ಆ್ಯಪ್‌ನಿಂದ ಗೆಳೆಯರೊಂದಿಗೆ ಪಂಥ ಕಟ್ಟಿ ನಡೆಯುವ 'ಚಾಲೆಂಜ್' ಸೌಲಭ್ಯವೇ ಹೋಯಿತು. ಅದಕ್ಕೆಂದೇ ಆ ಬ್ಯಾಂಡ್ ಬಿಡದೆ ಕಟ್ಟುತ್ತಿದ್ದವರಿಗೆ ಹೊಸ ಮಾದರಿ ಎಷ್ಟು ಚೆನ್ನಾಗಿದ್ದರೇನು? ಹಾಗಾಗಿ ನೀವು ದಿನವೂ ನಿಜವಾಗಿ ನೋಡುವ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ. ಹೊಸ ಮಾದರಿ ಯಾವ ಆ್ಯಪ್‌ಗೆ ಜೋಡಣೆಯಾಗುತ್ತದೆ, ಆ ನಾಲ್ಕೂ ಅದರಲ್ಲಿ ಇವೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಹಳೆಯದನ್ನು ಬಿಚ್ಚುವ ಮುನ್ನ ಕೊನೆಯದಾಗಿ ಒಮ್ಮೆ ಪೂರ್ತಿ ಸಿಂಕ್ ಮಾಡಿ, ಅಂದರೆ ಬ್ಯಾಂಡಿನ ಮಾಹಿತಿಯನ್ನೆಲ್ಲ ಫೋನಿನ ಆ್ಯಪ್‌ಗೆ ಸಾಗಿಸಿ. ಆಮೇಲೆ ದಾಖಲೆಯ ಪ್ರತಿ ಇಳಿಸಿಕೊಳ್ಳಿ. ಫಿಟ್‌ಬಿಟ್‌ನವರಿಗೆ ಗೂಗಲ್ ಟೇಕ್‌ಔಟ್ ಇದೆ. ಗಾರ್ಮಿನ್‌ನವರು ಖಾತೆಯ ಪುಟದಲ್ಲಿ ಕೋರಿಕೆ ಸಲ್ಲಿಸಬೇಕು. ಉಳಿದ ಆ್ಯಪ್‌ಗಳಲ್ಲಿ ಪ್ರೊಫೈಲ್, ಪ್ರೈವೆಸಿ ಎಂಬ ಕಡೆ ಹುಡುಕಿ. ಓಟ, ಸೈಕ್ಲಿಂಗ್‌ನ ದಾಖಲೆಗೆ ಜಿಪಿಎಕ್ಸ್, ಟಿಸಿಎಕ್ಸ್, ಎಫ್‌ಐಟಿ ಎಂಬ ಮೂರು ಬಗೆಯ ಫೈಲ್ ಸಾಮಾನ್ಯ. ಆಯ್ಕೆಯಿದ್ದರೆ ಟಿಸಿಎಕ್ಸ್ ಅಥವಾ ಎಫ್‌ಐಟಿ ತೆಗೆದುಕೊಳ್ಳಿ. ಜಿಪಿಎಕ್ಸ್‌ನಲ್ಲಿ ದಾರಿ ಮತ್ತು ಸಮಯ ಬಂದರೂ ಹೃದಯಬಡಿತ ಬಿಟ್ಟುಹೋಗುವುದುಂಟು. ಇಳಿಸಿದ ಮೇಲೆ ಒಂದು ಫೈಲ್ ತೆರೆದು ಒಳಗೇನಿದೆ ನೋಡಿ. ಖಾಲಿ ಫೈಲನ್ನು ಜೋಪಾನ ಮಾಡಿ ಫಲವಿಲ್ಲ.

ಆಂಡ್ರಾಯ್ಡ್ 14ರಿಂದ ಫೋನಿನೊಳಗೇ ಇರುವ, ಆರೋಗ್ಯದ ಆ್ಯಪ್‌ಗಳ ನಡುವೆ ಮಾಹಿತಿ ಹಂಚುವ ಹೆಲ್ತ್ ಕನೆಕ್ಟ್ ಎಲ್ಲವನ್ನೂ ಸಾಗಿಸುತ್ತದೆ ಎಂಬ ನಂಬಿಕೆ ಇದೆ. ಅದು ಅರ್ಧ ಮಾತ್ರ ಸರಿ. ಹೊಸ ಆ್ಯಪ್‌ಗೆ ಅನುಮತಿ ಕೊಟ್ಟಾಗ, ಸಾಮಾನ್ಯವಾಗಿ ಅದಕ್ಕೆ ಕಾಣುವುದು ಹಿಂದಿನ 30 ದಿನದ ಮಾಹಿತಿ. ಅದಕ್ಕಿಂತ ಹಳೆಯದು ಬೇಕಾದರೆ ಪ್ರತ್ಯೇಕ ಅನುಮತಿ ಬೇಕು, ಆ್ಯಪ್ ಅದನ್ನು ಕೇಳುವಂತಿರಬೇಕು. ಇನ್ನು ಎರಡು ಬ್ಯಾಂಡ್‌ಗಳೂ ಒಟ್ಟಿಗೆ ಬರೆಯತೊಡಗಿದರೆ ಯಾವುದರ ಲೆಕ್ಕ ಹಿಡಿಯಬೇಕೆಂಬ ಗೊಂದಲ ಏಳುತ್ತದೆ. ಹೆಲ್ತ್ ಕನೆಕ್ಟ್‌ನಲ್ಲಿ ಮೂಲಗಳ ಆದ್ಯತೆಯ ಪಟ್ಟಿ ಇದೆ, ಹೊಸದನ್ನು ಮೇಲಕ್ಕೆಳೆದಿಡಿ. ಹಳೆಯ ಬ್ಯಾಂಡನ್ನು ಒಂದು ತಿಂಗಳು ರೀಸೆಟ್ ಮಾಡುವುದು ಬೇಡ.

ಅಂಗಡಿಯಲ್ಲಿ ನೋಡಬೇಕಾದ್ದು

ಹಂಪನಕಟ್ಟೆಯ ಅಂಗಡಿಯಲ್ಲಿ ಡೆಮೊ ಬ್ಯಾಂಡ್ ಸಿಕ್ಕಿದರೆ ಅದನ್ನು ನಿಮ್ಮ ಫೋನಿಗೆ ಜೋಡಿಸಿ, ಪಕ್ಕದಲ್ಲಿರುವವರಿಂದ ಕನ್ನಡದಲ್ಲಿ ಒಂದು ವಾಟ್ಸಾಪ್ ಸಂದೇಶ ಕಳಿಸಲು ಹೇಳಿ. 'ಉಳ್ಳಾಲದಲ್ಲಿ ವಿಪರೀತ ಮಳೆ, ಬಸ್ಸು ತಪ್ಪಿತು' ಎಂಬಂಥ ಒತ್ತಕ್ಷರದ ವಾಕ್ಯವೇ ಇರಲಿ. ಕೆಲವು ಬ್ಯಾಂಡ್‌ಗಳಲ್ಲಿ ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬರುತ್ತದೆ, ಕೆಲವುದರಲ್ಲಿ ಒತ್ತು ಬಿಡಿಬಿಡಿಯಾಗಿ ಪಕ್ಕಕ್ಕೆ ನಿಲ್ಲುತ್ತದೆ. ಇದು ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಿದರೆ ಆ ಮಾತಿನ ಮೇಲೆ ದುಡ್ಡು ಹಾಕಬೇಡಿ.

ಗುಂಡಿ ಇರುವುದನ್ನೇ ಆರಿಸಿ ಎಂಬುದು ನಮ್ಮ ಗಟ್ಟಿ ಸಲಹೆ. ಸ್ಪರ್ಶಪರದೆಗೆ ಮಳೆಹನಿಯೂ ಬೆರಳೂ ಒಂದೇ. ಜುಲೈಯಲ್ಲಿ ಓಡುವಾಗ ವ್ಯಾಯಾಮ ತಾನಾಗಿ ನಿಂತುಬಿಡುವುದು ಇದರಿಂದಲೇ. ಕೈಗೆ ಕಟ್ಟುವ ಪಟ್ಟಿಯ ವಿಷಯಕ್ಕೆ ಬಂದರೆ, 18, 20 ಅಥವಾ 22 ಮಿ.ಮೀ. ಅಳತೆಯ ಸಾಮಾನ್ಯ ಸ್ಪ್ರಿಂಗ್ ಪಿನ್ ಇರುವುದು ಒಳ್ಳೆಯದು. ಕಂಪನಿಯದೇ ವಿಶೇಷ ಕೊಂಡಿಯಾದರೆ ಎರಡು ವರ್ಷದ ಬಳಿಕ ಪಟ್ಟಿಗಾಗಿ ಅಲೆಯಬೇಕಾದೀತು. ಚರ್ಮದ ಪಟ್ಟಿಗೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ನೈಲಾನ್ ಒಣಗುವುದೇ ಇಲ್ಲ. ಸಿಲಿಕೋನ್ ಸಾಕು.

ಒಂದು ವಾರದ ಪರೀಕ್ಷೆ

ಹಳೆಯದು ಒಂದು ಕೈಯಲ್ಲಿ, ಹೊಸದು ಇನ್ನೊಂದು ಕೈಯಲ್ಲಿ. ನಾಲ್ಕನೇ ದಿನ ಕೈ ಬದಲಿಸಿ. ಆ್ಯಪ್‌ನಲ್ಲಿ ಯಾವ ಕೈಗೆ ಕಟ್ಟಿದೆ ಎಂಬ ಸೆಟ್ಟಿಂಗ್ ಇದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಒಂದೇ ಕೈಗೆ ಎರಡನ್ನೂ ಕಟ್ಟಬೇಡಿ, ಮೇಲಿನದು ಸರಿಯಾದ ಜಾಗದಲ್ಲಿ ಕೂರುವುದಿಲ್ಲ.

ಹೆಜ್ಜೆಗೆ ಮಂಗಳೂರಿನ ಮಂಗಳಾ ಸ್ಟೇಡಿಯಂ ಅಥವಾ ಉಡುಪಿಯ ಅಜ್ಜರಕಾಡು ಕ್ರೀಡಾಂಗಣದ ಟ್ರ್ಯಾಕ್ ಒಳ್ಳೆಯ ಅಳತೆಗೋಲು. ಒಳಗಿನ ಮೊದಲ ಲೇನ್‌ನ ಒಂದು ಸುತ್ತು 400 ಮೀಟರ್. ಹೊರಗಿನ ಪ್ರತಿ ಲೇನ್‌ಗೂ ಸುಮಾರು ಏಳೂವರೆ ಮೀಟರ್ ಹೆಚ್ಚುತ್ತ ಹೋಗುವುದರಿಂದ ಲೇನ್ ಬಿಟ್ಟು ಹೊರಗೆ ಬರಬೇಡಿ. ಮೊದಲು 500 ಹೆಜ್ಜೆ ಬಾಯಲ್ಲೇ ಎಣಿಸುತ್ತ ನಡೆಯಿರಿ, ನೂರಕ್ಕೊಂದು ಬೆರಳು ಮಡಚಿ. ಬ್ಯಾಂಡ್ 475ರಿಂದ 525ರೊಳಗೆ ತೋರಿಸಿದರೆ ಸಾಕು. ಆಮೇಲೆ ನಾಲ್ಕು ಸುತ್ತು ನಡೆದು 1600 ಮೀಟರನ್ನು ಹೆಜ್ಜೆಗಳಿಂದ ಭಾಗಿಸಿ. 2150 ಹೆಜ್ಜೆ ಬಂದರೆ ಒಂದು ಹೆಜ್ಜೆ ಸುಮಾರು 74 ಸೆಂ.ಮೀ. ಆ್ಯಪ್ ಅವಕಾಶ ಕೊಟ್ಟರೆ ಆ ಅಂಕಿಯನ್ನೇ ತುಂಬಿ. ಎತ್ತರದಿಂದ ಅಂದಾಜಿಸಿದ ಹೆಜ್ಜೆಯ ಉದ್ದಕ್ಕಿಂತ ಅದು ನಂಬಲರ್ಹ.

ಬ್ಯಾಂಡ್ ಎಣಿಸುವುದು ಕೈಯ ಚಲನೆಯನ್ನು, ಕಾಲಿನದ್ದನ್ನಲ್ಲ. ಹಾಗಾಗಿ ಕಾಯಿ ಹೆರೆಯುವಾಗ, ಚೆಂಡೆ ಬಾರಿಸುವಾಗ, ಹೊಂಡದ ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗ ಹೆಜ್ಜೆ ಏರುತ್ತದೆ. ಕೊಡೆ ಹಿಡಿದು ನಡೆದರೆ ಅರ್ಧ ಲೆಕ್ಕ ಮಾಯ. ಮಳೆಗಾಲದಲ್ಲಿ ಕೊಡೆ ಹಿಡಿಯದ ಕೈಗೆ ಕಟ್ಟಿ, ಅಥವಾ 'ನಡಿಗೆ' ಎಂಬ ವ್ಯಾಯಾಮವನ್ನು ಕೈಯಾರೆ ಆರಂಭಿಸಿ ದೂರವನ್ನು ಜಿಪಿಎಸ್‌ನಿಂದ ಪಡೆಯಿರಿ. (ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ಹರಡಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ. ಐನೂರು ಹೆಚ್ಚುಕಮ್ಮಿಗೆ ಕೊರಗಬೇಕಿಲ್ಲ.)

ಹೃದಯಬಡಿತಕ್ಕೆ ಹೆಚ್ಚು ಗಮನ ಕೊಡಿ. ಹಿಂಭಾಗದ ಹಸಿರು ಬೆಳಕನ್ನು ರಕ್ತ ಹೀರುತ್ತದೆ. ಪ್ರತಿ ಬಡಿತಕ್ಕೂ ಮರಳುವ ಬೆಳಕು ಕೊಂಚ ಏರಿಳಿಯುವುದನ್ನು ಸೆನ್ಸರ್ ಓದುತ್ತದೆ. ಹೊರಬೆಳಕು ನುಸುಳಿದರೆ, ಬ್ಯಾಂಡ್ ಅಲುಗಾಡಿದರೆ ಲೆಕ್ಕ ಕೆಡುತ್ತದೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಕಟ್ಟಿ, ಓಡುವಾಗ ಒಂದು ತೂತು ಬಿಗಿ ಮಾಡಿ. ದೇವಸ್ಥಾನದ ದಾರ ಸೆನ್ಸರಿನ ಅಡಿಗೆ ಸೇರದಿರಲಿ. ಹಚ್ಚೆಯ ಮೇಲೂ ಓದು ತಪ್ಪುತ್ತದೆ.

ಐದು ನಿಮಿಷ ಸುಮ್ಮನೆ ಕೂತು, ಕುತ್ತಿಗೆಯ ನಾಡಿಯನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಮೂರ್ನಾಲ್ಕು ಬಡಿತದ ವ್ಯತ್ಯಾಸ ಸಹಜ. ನಿಜವಾದ ಪರೀಕ್ಷೆ ಓಟದಲ್ಲಿ. ಒಂದು ನಿಮಿಷ ಜೋರು, ಒಂದು ನಿಮಿಷ ನಿಧಾನ, ಹೀಗೆ ಆರು ಸಲ ಓಡಿ. ಗ್ರಾಫ್‌ನಲ್ಲಿ ಆರು ಶಿಖರ ಕಾಣಬೇಕು. ಒಂದೇ ಗುಡ್ಡವಾಗಿ ಕಂಡರೆ ಸೆನ್ಸರ್ ತಡವಾಗಿ ಹಿಂಬಾಲಿಸುತ್ತಿದೆ. ಸಾವಕಾಶ ಓಟದಲ್ಲೂ 165–170ಕ್ಕೆ ಅಂಟಿ ಕೂತಿದ್ದರೆ ಅದು ಹೃದಯವಲ್ಲ, ನಿಮ್ಮ ಹೆಜ್ಜೆಯ ಲಯವನ್ನೇ ಬಡಿತವೆಂದು ತಪ್ಪಾಗಿ ಹಿಡಿದಿದೆ. ಬಿಗಿ ಮಾಡಿ ಮತ್ತೊಂದು ದಿನ ನೋಡಿ. ಆಗಲೂ ಹಾಗೆಯೇ ಆದರೆ ವಾಪಸು ಕೊಡಿ. ಹೋಲಿಕೆಗೆ ಯಾರದ್ದಾದರೂ ಎದೆಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಹೃದಯದ ವಿದ್ಯುತ್ ಸಂಕೇತವನ್ನೇ ಓದುತ್ತದೆ.

ಜಿಪಿಎಸ್ ಬ್ಯಾಂಡಿನಲ್ಲೇ ಇದೆಯೋ ಫೋನಿನದನ್ನು ಎರವಲು ಪಡೆಯುತ್ತದೋ ಕೇಳಿ ತಿಳಿಯಿರಿ. ಪೆಟ್ಟಿಗೆಯ ಮೇಲೆ ಎರಡಕ್ಕೂ 'ಜಿಪಿಎಸ್' ಎಂದೇ ಇರಬಹುದು. ಹೊರಡುವ ಮುನ್ನ ಸಿಂಕ್ ಮಾಡಿ, ತೆರೆದ ಆಕಾಶದಡಿ ಉಪಗ್ರಹ ಸಿಗುವವರೆಗೆ ನಿಂತು ಓಡಿ. ತಣ್ಣೀರುಬಾವಿ ಅಥವಾ ಮಲ್ಪೆಯ ನೇರ ದಡದಲ್ಲಿ ಹೋಗಿ ಬಂದರೆ ನಕ್ಷೆಯಲ್ಲಿ ಎರಡು ಗೆರೆಗಳು ಹತ್ತಿರಹತ್ತಿರ ಇರಬೇಕು. ಒಂದು ಗೆರೆ ಕಡಲಿಗಿಳಿದಿದ್ದರೆ ಆ ಬ್ಯಾಂಡನ್ನು ದೂರಕ್ಕೆ ನಂಬಬೇಡಿ. ಅಡಿಕೆ ತೋಟದ ನೆರಳಲ್ಲಿ ಯಾವ ಬ್ಯಾಂಡೂ ಸ್ವಲ್ಪ ತಪ್ಪುತ್ತದೆ.

ನಿದ್ರೆಯ ಹಂತಗಳನ್ನು ಹಳೆಯ ಬ್ಯಾಂಡಿನೊಂದಿಗೆ ಹೋಲಿಸುವುದು ವ್ಯರ್ಥ, ಲೆಕ್ಕ ಹಾಕುವ ಬಗೆಯೇ ಬೇರೆ. ಮಲಗಿದ ಮತ್ತು ಎದ್ದ ಹೊತ್ತು ಸರಿಯಿದೆಯೇ ನೋಡಿ ಸಾಕು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಹಗಲು ಮಲಗುವವರು ಹಗಲ ನಿದ್ರೆಯೂ ದಾಖಲಾಗುತ್ತದೆಯೇ ಎಂದು ಪರೀಕ್ಷಿಸಬೇಕು.

ಬ್ಯಾಟರಿಗೆ ಮೊದಲ ಎರಡು ದಿನ ಬಿಡಿ, ಆಗ ನಾವು ಪರದೆಯನ್ನೇ ತಿರುವುತ್ತಿರುತ್ತೇವೆ. ಮೂರನೇ ದಿನ ಪೂರ್ತಿ ಚಾರ್ಜ್ ಮಾಡಿ 24 ಗಂಟೆಗೆ ಎಷ್ಟು ಇಳಿಯಿತು ನೋಡಿ. ಶೇ. 12 ಇಳಿದರೆ ಎಂಟು ದಿನ ಬಂದೀತು. ಸದಾ ಬೆಳಗುವ ಪರದೆ ಮತ್ತು ರಾತ್ರಿ ರಕ್ತದ ಆಮ್ಲಜನಕದ ಅಳತೆ ಹೆಚ್ಚು ನುಂಗುವ ಎರಡು. ಸಿಂಕ್ ಪದೇ ಪದೇ ತಪ್ಪುತ್ತಿದ್ದರೆ ಬ್ಯಾಂಡನ್ನು ಬೈಯುವ ಮುನ್ನ ಫೋನಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ ಆ್ಯಪನ್ನು ತೆಗೆಯಿರಿ.

ಉಪ್ಪು, ಬೆವರು, ಮಳೆ

ನೀರುತಡೆಯ ಗುರುತಾದ 5 ಎಟಿಎಂ ಎಂದರೆ 50 ಮೀಟರ್ ಆಳಕ್ಕೆ ಧುಮುಕಬಹುದೆಂದಲ್ಲ. ಅಷ್ಟು ನೀರಿನ ನಿಶ್ಚಲ ಒತ್ತಡವನ್ನು ಪ್ರಯೋಗಾಲಯದಲ್ಲಿ ತಡೆದಿದೆ ಎಂದಷ್ಟೆ. ಈಜಿಗೆ ಸಾಕು. ಬಿಸಿನೀರಿನ ಸ್ನಾನಕ್ಕೆ ಬಿಚ್ಚಿಡಿ, ಹಬೆ ಮತ್ತು ಸಾಬೂನು ಒಳಗಿನ ರಬ್ಬರ್ ಅಂಚನ್ನು ದುರ್ಬಲಗೊಳಿಸುತ್ತವೆ. ಕಡಲಿಗಿಳಿದು ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಪಟ್ಟಿ ಕಳಚಿ, ಬಟ್ಟೆಯಿಂದ ಒರೆಸಿ. ಹಿಂಭಾಗದ ಚಾರ್ಜಿಂಗ್ ಬಿಂದುಗಳು ಒದ್ದೆಯಿರುವಾಗ ಚಾರ್ಜರ್‌ಗೆ ಹಾಕಿದರೆ ಉಪ್ಪುನೀರಿನಲ್ಲಿ ವಿದ್ಯುತ್ ಹರಿದು ಲೋಹ ಕಿಲುಬು ಹಿಡಿಯುತ್ತದೆ. ಕಪ್ಪು ಅಥವಾ ಹಸಿರು ಕಲೆ ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಮೆಲ್ಲನೆ ಉಜ್ಜಿ. ಪಟ್ಟಿಯ ಅಡಿ ಚರ್ಮ ಕೆಂಪಾದರೆ ಎರಡು ದಿನ ಬಿಚ್ಚಿಡಿ. ಬಹುಪಾಲು ಅದು ಒಳಗೆ ಉಳಿದ ಬೆವರು ಮತ್ತು ಸಾಬೂನಿನ ಕೆಲಸ. ಆದರೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

ವಾಪಸು ಕೊಡಲು ತೀರ್ಮಾನಿಸಿದರೆ ಮೊದಲು ಆ್ಯಪ್‌ನಿಂದ ಜೋಡಣೆ ತೆಗೆಯಿರಿ, ಆಮೇಲೆ ಬ್ಯಾಂಡಿನಲ್ಲಿ ರೀಸೆಟ್ ಮಾಡಿ. ಕ್ರಮ ತಪ್ಪಿದರೆ ಕೆಲವು ಮಾದರಿಗಳು ನಿಮ್ಮ ಖಾತೆಗೇ ಬೀಗ ಹಾಕಿಕೊಂಡು ಉಳಿಯುತ್ತವೆ. ಅಂಗಡಿಯವರು ಹಿಂದಿರುಗಿಸಲು ಒಪ್ಪದಿರುವುದಕ್ಕೆ ಅದೂ ಒಂದು ನೆಪವಾಗುತ್ತದೆ. ಪೆಟ್ಟಿಗೆ, ಬಿಲ್ಲು, ಚಾರ್ಜರ್ ಮೂರನ್ನೂ ಒಟ್ಟಿಗೆ ಒಯ್ಯಿರಿ.