ಸೆನ್ಸರ್ ಬಿಚ್ಚುವ ಮೊದಲು ಸ್ಕ್ಯಾನರ್ ಹಾಕಿ: ನನ್ನ ಅನುಭವ

ನನ್ನ ಪೆಟ್ರೋಲ್ ಕಾರಿಗೆ ವಯಸ್ಸಾಗಿದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಆರ್‌ಪಿಎಂ ಮುಳ್ಳು ಏರಿಳಿಯತೊಡಗಿತ್ತು, ಪಿಕಪ್ ಸೊರಗಿತ್ತು, ಜೊತೆಗೆ ಚೆಕ್ ಎಂಜಿನ್ ದೀಪವೂ ಹತ್ತಿತು. ಇಂಥ ಹೊತ್ತಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: "ಸೆನ್ಸರ್ ಎಲ್ಲ ಬಿಚ್ಚಿ ಕ್ಲೀನ್ ಮಾಡ್ಸಿಬಿಡಿ." ಯಾವ ಸೆನ್ಸರ್ ಅಂತ ಕೇಳಿದರೆ ಮಾತ್ರ ಉತ್ತರ ಇಲ್ಲ. ಸುಮ್ನೆ ಎಲ್ಲವನ್ನೂ ಬಿಚ್ಚಿದರೆ ಹಳೇ ಪ್ಲಾಸ್ಟಿಕ್ ಲಾಕ್‌ಗಳು ಮುರಿಯುತ್ತವೆ, ಹೊಸ ತೊಂದರೆ ಹುಟ್ಟಿಕೊಳ್ಳುತ್ತದೆ. ಹಾಗಾಗಿ ನಾನು ಸ್ಪ್ಯಾನರ್‌ಗಿಂತ ಮೊದಲು ಸ್ಕ್ಯಾನರ್ ಹಿಡಿದೆ.

ಫೋನಿಗೆ ಬ್ಲೂಟೂತ್‌ನಲ್ಲಿ ಸೇರಿಸುವ ಚಿಕ್ಕ ಒಬಿಡಿ ಅಡಾಪ್ಟರ್ ಸಾಕು, ಕಾರಿನ ತಪಾಸಣೆ ಸಾಕೆಟ್ಟಿಗೆ ಸಿಕ್ಕಿಸಿ ಎಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಸಾಧನ ಅದು. ಬಂದ ಕೋಡ್ ಪಿ0171. ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೀಳುತ್ತಿಲ್ಲ, ಮಿಶ್ರಣ ಲೀನ್ ಆಗಿದೆ. ಇದು ಎಂಜಿನ್ ಕಂಪ್ಯೂಟರಿನ ದೂರು ಅಷ್ಟೇ, ತಪ್ಪು ಯಾರದು ಅಂತ ಅದು ಹೇಳುವುದಿಲ್ಲ. ಕೋಡ್ ನೋಡಿದ ಕೂಡಲೇ ಸೆನ್ಸರ್ ಬದಲಿಸಲು ಹೊರಡುವವರು ಇಲ್ಲೇ ದುಡ್ಡು ಕಳೆದುಕೊಳ್ಳುತ್ತಾರೆ.

ನಿಜವಾದ ಸುಳಿವು ಇರುವುದು ಫ್ಯುಯೆಲ್ ಟ್ರಿಮ್‌ನಲ್ಲಿ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಜಾಸ್ತಿ ಅಥವಾ ಕಮ್ಮಿ ಪೆಟ್ರೋಲ್ ಹಾಕಬೇಕಾಯಿತು ಅನ್ನುವ ಅಂಕಿ ಅದು. ಸೊನ್ನೆಯ ಆಚೀಚೆ ಇದ್ದರೆ ಆರೋಗ್ಯ. 10 ದಾಟಿತು ಅಂದರೆ ಎಲ್ಲೋ ಏನೋ ಕೆಟ್ಟಿದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಇದನ್ನು ಎರಡು ಕಡೆ ನೋಡಬೇಕು: ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದು ಇನ್ನೊಮ್ಮೆ. ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು ಆರ್‌ಪಿಎಂ ಏರಿದಂತೆ ಇಳಿದರೆ ಎಲ್ಲೋ ಹೋಸ್ ಬಿರುಕು ಬಿಟ್ಟು ಕಳ್ಳಗಾಳಿ ಒಳಗೆ ಬರುತ್ತಿದೆ ಎಂದು ಅನುಮಾನಿಸಬಹುದು. ಆರ್‌ಪಿಎಂ ಜೊತೆಗೆ ಅದೂ ಏರಿದರೆ ಗಾಳಿ ಅಳೆಯುವ ಮಾಫ್ ಸೆನ್ಸರ್ ಮೇಲೆ ಅಥವಾ ಪೆಟ್ರೋಲ್ ಪೂರೈಕೆಯ ಮೇಲೆ ಅನುಮಾನ. ನನ್ನದು ಐಡ್ಲಿಂಗ್‌ನಲ್ಲಿ 7, 2500ರಲ್ಲಿ 18. ದಾರಿ ಗೊತ್ತಾಯಿತಲ್ವಾ?

ಈ ಭಾಗಗಳನ್ನು ಹುಡುಕಲು ಚಿತ್ರಪಟ ಬೇಕಿಲ್ಲ, ಗಾಳಿಯ ಹಿಂದೆ ಹೋದರೆ ಸಾಕು. ಏರ್ ಫಿಲ್ಟರ್ ಡಬ್ಬಿಯಿಂದ ಹೊರಡುವ ದಪ್ಪ ಪೈಪಿನ ಶುರುವಿನಲ್ಲೇ ಮಾಫ್. ಪೈಪ್ ಮುಗಿಯುವಲ್ಲಿ ಥ್ರಾಟಲ್ ಬಾಡಿ, ಒಳಗಿನ ದುಂಡು ತಟ್ಟೆ ತಿರುಗಿಸಿ ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕೆಂದು ನಿರ್ಧರಿಸುವ ಭಾಗ. ಅದರಾಚೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಮೇಲೆ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಎಂಜಿನ್ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಸಣ್ಣ ಹೋಸ್ ಹಿಡಿದು ಹೋದರೆ, ಎಂಜಿನ್ನಿನ ಒಳಗಿನ ಆವಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಸಿಗುತ್ತದೆ. ಎಷ್ಟೋ ಸಣ್ಣ ಕಾರುಗಳಲ್ಲಿ ಮಾಫ್ ಇರುವುದೇ ಇಲ್ಲ, ಮ್ಯಾಪ್ ಒಂದೇ ಎಲ್ಲ ಲೆಕ್ಕ ಕೊಡುತ್ತದೆ. ಇಲ್ಲದ ಸೆನ್ಸರ್ ಹುಡುಕುತ್ತಾ ಕೂರಬೇಡಿ.

ಮಾಫ್ ಒಳಗಿರುವುದು ಕರೆಂಟ್‌ನಿಂದ ಬಿಸಿಯಾಗುವ ಒಂದು ತೆಳ್ಳನೆಯ ತಂತಿ ಅಥವಾ ಪಟ್ಟಿ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಬಿಸಿ ಇಳಿಯದಂತೆ ಎಷ್ಟು ಕರೆಂಟ್ ಕೊಡಬೇಕಾಯಿತು ಅನ್ನುವುದರ ಮೇಲೆ ಗಾಳಿಯ ಲೆಕ್ಕ. ಧೂಳು ಹಿಡಿದರೆ ತಂತಿ ಕಂಬಳಿ ಹೊದ್ದಂತೆ. ಗಾಳಿ ತಾಗುವುದಿಲ್ಲ, ಲೆಕ್ಕ ಕಮ್ಮಿ ಬರುತ್ತದೆ, ಪೆಟ್ರೋಲೂ ಕಮ್ಮಿ ಬೀಳುತ್ತದೆ.

ಎಂಜಿನ್ ತಣ್ಣಗಾದ ಮೇಲೆ, ಕೀ ತೆಗೆದಿಟ್ಟು ಕನೆಕ್ಟರ್ ಬಿಚ್ಚಿದೆ. ಲಾಕ್ ಒತ್ತಿ ಕನೆಕ್ಟರ್ ಹಿಡಿದು ಎಳೆಯಬೇಕು, ವೈರ್ ಹಿಡಿದಲ್ಲ. ಸ್ಕ್ರೂಗಳು ನಕ್ಷತ್ರದ ಆಕಾರದ ಟಾರ್ಕ್ಸ್, ನಡುವೆ ಒಂದು ಪಿನ್ ಬೇರೆ. ಅದಕ್ಕೆ ತುದಿಯಲ್ಲಿ ತೂತಿರುವ ಸ್ಕ್ರೂಡ್ರೈವರ್ ಬಿಟ್ ಬೇಕು. ಹೊರಗೆ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಹೊಳೆಯಬೇಕಾದ ತಂತಿ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ತುದಿಯಲ್ಲಿ ಫಿಲ್ಟರಿನ ನಾರೆಳೆ ಸುತ್ತಿಕೊಂಡು ಕೂತಿತ್ತು.

ಇದಕ್ಕೆ ಮಾಫ್‌ಗೆಂದೇ ಬರುವ ಸ್ಪ್ರೇ ಮಾತ್ರ ಬಳಸಿ. ಕಾರ್ಬುರೇಟರ್ ಕ್ಲೀನರ್ ಜಿಡ್ಡು ಬಿಡಬಹುದು, ಪ್ಲಾಸ್ಟಿಕ್ಕನ್ನೂ ತಿನ್ನಬಹುದು. ಬಟ್ಟೆ, ಹತ್ತಿ, ಬ್ರಷ್, ಕಂಪ್ರೆಸರ್ ಗಾಳಿ ಯಾವುದೂ ಬೇಡ, ತಂತಿ ಕಿತ್ತೇ ಹೋಗುತ್ತದೆ. ಸ್ವಲ್ಪ ಸ್ವಲ್ಪವೇ ಚಿಮ್ಮಿಸುತ್ತಾ ಹೋದೆ. ನಾರೆಳೆ ತಾನಾಗಿ ಜಾರಿ ಬಿತ್ತು. ಪೂರ್ತಿ ಒಣಗಿದ ಮೇಲೆ ಬಾಣದ ಗುರುತು ಎಂಜಿನ್ ಕಡೆಗಿರುವಂತೆ ಕೂರಿಸಿದೆ. ಏರ್ ಫಿಲ್ಟರನ್ನೂ ಹೊಸದು ಹಾಕಿದೆ, ಇಲ್ಲದಿದ್ದರೆ ಮತ್ತೆ ಅದೇ ಕಥೆ.

ಐಡ್ಲಿಂಗ್ ಏರಿಳಿತಕ್ಕೆ ಕಾರಣ ಬೇರೆ ಇತ್ತು. ಥ್ರಾಟಲ್ ಬಾಡಿಯಲ್ಲಿ ತಟ್ಟೆ ಗೋಡೆಗೆ ತಾಗುವ ಜಾಗದಲ್ಲಿ ಸುತ್ತಲೂ ಜಿಗುಟು ಕರಿ ಉಂಗುರ. ಐಡ್ಲಿಂಗ್‌ನಲ್ಲಿ ಆ ತಟ್ಟೆ ತೆರೆಯುವುದೇ ಕೂದಲೆಳೆಯಷ್ಟು, ಆ ಸಂದಿಯೇ ಮುಚ್ಚಿಹೋದರೆ ಎಂಜಿನ್ ಉಸಿರಾಡುವುದೆಲ್ಲಿಂದ? ಇಲ್ಲಿ ನೇರವಾಗಿ ಸ್ಪ್ರೇ ಹೊಡೆಯಲಿಲ್ಲ, ದ್ರವ ಶಾಫ್ಟ್ ಮೂಲಕ ತಟ್ಟೆ ತಿರುಗಿಸುವ ಮೋಟರಿಗೆ ಇಳಿಯುವ ಭಯ. ಬಟ್ಟೆಗೆ ಥ್ರಾಟಲ್ ಕ್ಲೀನರ್ ಹಾಕಿ ಒರೆಸಿದೆ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಟ್ಟೆಯನ್ನು ಬೆರಳಿಂದ ಬಲವಂತವಾಗಿ ತಳ್ಳಬಾರದು, ಒಳಗಿನ ಪ್ಲಾಸ್ಟಿಕ್ ಹಲ್ಲುಗಳಿಗೆ ಪೆಟ್ಟು ಬೀಳುತ್ತದೆ. ಕೀ ಆನ್ ಇದ್ದಾಗಲಂತೂ ಬೆರಳು ಹಾಕಲೇಬೇಡಿ. ಕೆಲವು ಥ್ರಾಟಲ್ ಬಾಡಿಗಳಿಗೆ ಒಳಗೆ ಲೇಪನ ಇರುತ್ತದೆ, ತೊಳೆಯಬೇಡಿ ಎಂಬ ಚೀಟಿಯನ್ನೂ ಅಂಟಿಸಿರುತ್ತಾರೆ. ಅದನ್ನು ನೋಡಿಯೇ ಕೈ ಹಾಕಿ. ತೊಳೆದ ಮೇಲೆ ಐಡ್ಲಿಂಗ್ ಸ್ವಲ್ಪ ಹೊತ್ತು ಜಾಸ್ತಿಯೇ ಇತ್ತು. ಕಂಪ್ಯೂಟರ್ ಕೊಳೆಗೆ ತಕ್ಕಂತೆ ತಟ್ಟೆಯನ್ನು ಹೆಚ್ಚು ತೆರೆಯಲು ಕಲಿತಿತ್ತು, ಹೊಸದಾಗಿ ಕಲಿಯಲು ಸಮಯ ಬೇಕು. ಕೆಲವು ಕಾರುಗಳಿಗೆ ಸ್ಕ್ಯಾನರಿನಿಂದಲೇ ಅದನ್ನು ಕಲಿಸಬೇಕಾಗುತ್ತದೆ.

ಆ ಜಿಡ್ಡು ಬರುವುದು ಹೆಚ್ಚಾಗಿ ಎಂಜಿನ್ನಿನ ಒಳಗಿನ ಆಯಿಲ್ ಆವಿಯಿಂದ. ಅದನ್ನು ನಿಯಂತ್ರಿಸುವುದು ಪಿಸಿವಿ. ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗಿನ ಗುಂಡಿ ಟಕಟಕ ಅನ್ನಬೇಕಿತ್ತು, ಸದ್ದೇ ಇಲ್ಲ. ಇದನ್ನು ತೊಳೆಯುವವರೂ ಇದ್ದಾರೆ, ನಾನು ಹೊಸದೇ ಹಾಕಿದೆ. ಒಳಗಿನ ಸ್ಪ್ರಿಂಗ್ ಸೋತಿದ್ದರೆ ತೊಳೆದೇನು ಬಂತು?

ಮ್ಯಾಪ್ ಸೆನ್ಸರ್ ಬಿಚ್ಚಲೇ ಇಲ್ಲ. ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು: ಸಮುದ್ರ ಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್, 1000 ಮೀಟರ್ ಎತ್ತರದಲ್ಲಿ ಸುಮಾರು 90. ಸ್ಟಾರ್ಟ್ ಆದ ಮೇಲೆ ಐಡ್ಲಿಂಗ್‌ನಲ್ಲಿ 30ರಿಂದ 40ರ ಆಸುಪಾಸಿಗೆ ಇಳಿಯಬೇಕು. ಎರಡೂ ಸರಿಯಿತ್ತು.

ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರನ್ನು ಪೆಟ್ರೋಲಿನಲ್ಲಿ ನೆನೆಸಿ ತೊಳೆಯುವ ಉಪಾಯ ಹೇಳುವವರು ಬಹಳ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಹಾಳಾದರೆ ಬದಲಿಸುವುದೇ ಸರಿ. ಅದರ ಹತ್ತಿರ ಸಿಲಿಕೋನ್ ಸ್ಪ್ರೇ ಬಳಸದಿರುವುದೇ ದೊಡ್ಡ ಉಪಕಾರ, ಆ ಆವಿ ಸೆನ್ಸರನ್ನು ಕೊಲ್ಲುತ್ತದೆ.

ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್ ನನ್ನ ಕಾರಿನಲ್ಲಿ ಇಲ್ಲ. ಅದನ್ನು ತೊಳೆದಿದ್ದು ಭಾವನ ಡೀಸೆಲ್ ಕಾರಿನಲ್ಲಿ. ಹೊಗೆಯ ಮಸಿ ಆಯಿಲ್ ಆವಿಯ ಜೊತೆ ಸೇರಿ ಡಾಂಬರಿನ ಹಾಗೆ ಗಟ್ಟಿಯಾಗಿತ್ತು, ವಾಲ್ವ್ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. "ಇಡೀದಾಗಿ ಕ್ಲೀನರಲ್ಲಿ ಮುಳುಗಿಸ್ಲಾ?" ಅಂದರು. "ಬೇಡ ಭಾವ, ಮೋಟರ್ ಇರೋ ಕಡೆ ಒಂದು ಹನಿನೂ ಹೋಗಬಾರ್ದು. ವಾಲ್ವ್ ಬಾಯಿ ಕೆಳಗೆ ಮಾಡಿ ಹಿಡ್ಕೊಳ್ಳಿ." ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆದು, ಹಳೇ ಬ್ರಷ್‌ನಿಂದ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆವು.

ನನ್ನ ಕಾರಿನ ಟ್ರಿಮ್ ಈಗ 2500ರಲ್ಲಿ 3, ಐಡ್ಲಿಂಗ್‌ನಲ್ಲಿ 2. ಕೋಡ್ ಅಳಿಸುವ ಮೊದಲು ಒಂದು ವಿಷಯ: ಅಳಿಸಿದರೆ ಕಂಪ್ಯೂಟರ್ ಭಾಗಗಳು ಸರಿಯಿವೆಯೇ ಎಂದು ತಾನೇ ನೋಡಿಕೊಳ್ಳುವ ರೆಡಿನೆಸ್ ಪರೀಕ್ಷೆಗಳೂ ಸೊನ್ನೆಗೆ ಬರುತ್ತವೆ, ನಾನಾ ವೇಗದಲ್ಲಿ ಓಡಿಸಿದ ಮೇಲೆ ಅವು ಮತ್ತೆ ಮುಗಿಯುವುದು. ಅವು ಮುಗಿಯದೆ "ಕೋಡ್ ಬಂದಿಲ್ಲ" ಅನ್ನುವುದಕ್ಕೆ ಅರ್ಥವಿಲ್ಲ.